ವಾರ್ಡಿನ ಲೆಕ್ಕ ವಾರ್ಡಿಗೆ ಬೇಕು

ಬೆಂಗಳೂರಿನ ಜಯನಗರದಲ್ಲೋ ಬನಶಂಕರಿಯಲ್ಲೋ 1,200 ಚದರಡಿಯ ಒಂದು ಆರ್‌ಸಿಸಿ ಮನೆ ಇದೆ, ಮಾಲೀಕರೇ ಅದರಲ್ಲಿ ವಾಸವಿದ್ದಾರೆ ಎಂದಿಟ್ಟುಕೊಳ್ಳೋಣ. ಮನೆ ‘ಬಿ’ ವಲಯದಲ್ಲಿದ್ದರೆ 2008ರ ದರಪಟ್ಟಿಯಂತೆ ಚದರಡಿಗೆ ತಿಂಗಳಿಗೆ 2 ರೂ. ಲೆಕ್ಕ. 2016ರಲ್ಲಿ ವಸತಿ ಕಟ್ಟಡಗಳ ದರ ಶೇ 20ರಷ್ಟು ಏರಿದ ಮೇಲೆ ಅದು 2.40 ರೂ. ಆಯಿತು. ಇದಕ್ಕೆ ಯೂನಿಟ್ ಏರಿಯಾ ವ್ಯಾಲ್ಯೂ ಎಂದು ಹೆಸರು. ಆ ಪ್ರದೇಶದಲ್ಲಿ ಒಂದು ಚದರಡಿ ಜಾಗ ತಿಂಗಳಿಗೆ ಎಷ್ಟು ಹುಟ್ಟುವಳಿ ತಂದೀತು ಎಂದು ಅಂದಿನ ಮಹಾನಗರ ಪಾಲಿಕೆ, ಬಿಬಿಎಂಪಿ, ಹಾಕಿದ ಅಂದಾಜು ಅದು. ಎರಡು ತಿಂಗಳ ವಿನಾಯಿತಿ ಕಳೆದು ಹತ್ತು ತಿಂಗಳಿಗೆ ಗುಣಿಸಿದರೆ ವಾರ್ಷಿಕ ಮೌಲ್ಯ 28,800 ರೂ. ಅದರ ಶೇ 20, ಅಂದರೆ 5,760 ರೂ., ಆಸ್ತಿ ತೆರಿಗೆ. ಕಟ್ಟಡದ ವಯಸ್ಸಿಗೆ ಸಿಗುವ ಸವಕಳಿಯನ್ನು ಇಲ್ಲಿ ಕಳೆದಿಲ್ಲ.

ತೆರಿಗೆಯ ಮೇಲೆ ಶೇ 24ರಷ್ಟು ಉಪಕರ ಬೀಳುತ್ತದೆ. ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಪುನರ್ವಸತಿಗೆಂದು ಶೇ 3. ನಮ್ಮ ಮನೆಯ ಲೆಕ್ಕದಲ್ಲಿ ಇವು ಕ್ರಮವಾಗಿ 864 ರೂ., 345 ರೂ. 60 ಪೈಸೆ ಮತ್ತು 172 ರೂ. 80 ಪೈಸೆ. ತೆರಿಗೆ, ಉಪಕರ ಸೇರಿ 7,142 ರೂ. 40 ಪೈಸೆ. ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ಶೇ 5 ರಿಯಾಯಿತಿ ಸಿಗುತ್ತದೆ. ಮನೆಯ ಮಟ್ಟದಲ್ಲಿ ಲೆಕ್ಕ ಹೀಗೆ ಪೈಸೆಯವರೆಗೂ ಖಚಿತ. ಗ್ರಂಥಾಲಯಕ್ಕೆ ಕೊಟ್ಟದ್ದು 345 ರೂಪಾಯಿ ಎಂಬುದು ರಸೀದಿಯಲ್ಲಿ ಕಾಣುತ್ತದೆ. ಅದು ಬಡಾವಣೆಯ ಗ್ರಂಥಾಲಯಕ್ಕೆ ಎಷ್ಟು ತಲುಪಿತು ಎಂಬುದು ಯಾವ ರಸೀದಿಯಲ್ಲೂ ಕಾಣುವುದಿಲ್ಲ.

2025ರ ಏಪ್ರಿಲ್ 1ರಿಂದ ಇದೇ ರಸೀದಿಗೆ ಇನ್ನೊಂದು ಸಾಲು ಸೇರಿತು: ಘನತ್ಯಾಜ್ಯ ನಿರ್ವಹಣೆಯ ಬಳಕೆದಾರರ ಶುಲ್ಕ. ವಸತಿ ಕಟ್ಟಡ 600 ಚದರಡಿಯವರೆಗೆ ಇದ್ದರೆ ತಿಂಗಳಿಗೆ 10 ರೂ., 1,000 ಚದರಡಿಯವರೆಗೆ 50 ರೂ., 2,000ದವರೆಗೆ 100 ರೂ., 3,000ದವರೆಗೆ 150 ರೂ., 4,000ದವರೆಗೆ 200 ರೂ., ಅದಕ್ಕೂ ಮೇಲ್ಪಟ್ಟರೆ 400 ರೂ. ನಮ್ಮ 1,200 ಚದರಡಿ ಮನೆಗೆ ವರ್ಷಕ್ಕೆ 1,200 ರೂ. ಇದೇ ಅಳತೆಯ ಮನೆಗೆ ಮೊದಲಿನ ಕಸದ ಉಪಕರ ತಿಂಗಳಿಗೆ 30 ರೂ., ವರ್ಷಕ್ಕೆ 360 ರೂ. ಹೊಸ ಶುಲ್ಕ ಅದರ ಮೂರೂಕಾಲು ಪಟ್ಟಿಗೂ ಹೆಚ್ಚು. ಮೂಲ ಆಸ್ತಿ ತೆರಿಗೆಗೆ ಹೋಲಿಸಿದರೆ ಶೇ 20.8.

ಈ ಶುಲ್ಕದ ಬಗ್ಗೆ ನಿವಾಸಿಗಳ ಸಂಘಗಳ ತಕರಾರು ಮೊತ್ತಕ್ಕಿಂತ ಹೆಚ್ಚಾಗಿ ಅಳತೆಗೋಲಿನದು. 1,000 ಚದರಡಿ ಮನೆ ತಿಂಗಳಿಗೆ 50 ರೂ. ಕೊಡುತ್ತದೆ, 1,001 ಚದರಡಿ ಮನೆ 100 ರೂ. ಒಂದು ಚದರಡಿಗೆ ಶುಲ್ಕ ಇಮ್ಮಡಿ. ಇನ್ನೊಂದು ಕಡೆಯಿಂದ ನೋಡಿದರೆ 1,001 ಚದರಡಿಯವರು ಚದರಡಿಗೆ 10 ಪೈಸೆ ಕೊಟ್ಟರೆ 2,000 ಚದರಡಿಯವರು 5 ಪೈಸೆ ಕೊಡುತ್ತಾರೆ. ಕಸ ಹುಟ್ಟುವುದು ಅಡುಗೆಮನೆಯಲ್ಲಿ; ಇಬ್ಬರೇ ವೃದ್ಧರಿರುವ ಜಯನಗರದ ಹಳೆಯ ಮನೆ ಆರು ಜನರಿರುವ ಬಿಟಿಎಂ ಲೇಔಟಿನ ಬಾಡಿಗೆ ಮನೆಗಿಂತ ಕಡಿಮೆ ಕಸ ಹಾಕಿಯೂ ಹೆಚ್ಚು ಕೊಡಬೇಕಾಗಬಹುದು. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಈ ಚದರಡಿ ಲೆಕ್ಕದಲ್ಲಿ ಜಾಗವಿಲ್ಲ. ಹಳೆಯ ಉಪಕರವೂ ಹೊಸ ಶುಲ್ಕವೂ ಒಂದೇ ಸೇವೆಗೆ ಎರಡು ವಸೂಲಿ ಆಗುತ್ತವೆ ಎಂಬುದು ಅವರ ಎರಡನೆಯ ಆಕ್ಷೇಪ. ಮೊದಲನೆಯದು ದರಪಟ್ಟಿ ತಿದ್ದಿದರೆ ಮುಗಿಯುವ ಮಾತು. ಎರಡನೆಯದಕ್ಕೆ ಉತ್ತರ ಬೇಕಾದರೆ ಕಸದ ಖರ್ಚಿನ ಲೆಕ್ಕವನ್ನೇ ಬಿಚ್ಚಿಡಬೇಕು.

ನಗರದಲ್ಲಿ ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟುತ್ತದೆ ಎಂಬ ಅಂದಾಜನ್ನು ಐದು ಪಾಲಿಕೆಗಳ ಈಗಿನ 369 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ ಸರಾಸರಿ 13.5 ಟನ್. ಅದರಲ್ಲಿ ಶೇ 60ರಷ್ಟು, ಸುಮಾರು 8 ಟನ್, ಹಸಿ ಕಸ. ಹಸಿ ಕಸವನ್ನು ಹಸಿರು ಬುಟ್ಟಿಗೆ, ಸ್ಯಾನಿಟರಿ ತ್ಯಾಜ್ಯದಂಥದನ್ನು ಕೆಂಪು ಬುಟ್ಟಿಗೆ, ಒಣ ಕಸವನ್ನು ಚೀಲಕ್ಕೆ ಹಾಕುವ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಗೆ ಹೈಕೋರ್ಟ್ ಆದೇಶ ಕೊಟ್ಟದ್ದು 2015ರ ಡಿಸೆಂಬರ್‌ನಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2014ರ ಕೊನೆಗೆ, ಮಂಡೂರಿನ ಕಸದ ಭರ್ತಿ ಜಾಗ ಮುಚ್ಚಿತ್ತು. ಮಂಡೂರಿಗೆ ಹೋಗುತ್ತಿದ್ದುದನ್ನು ನಗರದೊಳಗೇ ಸಂಸ್ಕರಿಸಲು ತೆರೆದ ಘಟಕಗಳಲ್ಲಿ ಒಂದು ಬನಶಂಕರಿ 6ನೇ ಹಂತದ ಲಿಂಗಧೀರನಹಳ್ಳಿಯಲ್ಲಿತ್ತು. ಅದರ ದುರ್ವಾಸನೆಯ ವಿರುದ್ಧ ಸುತ್ತಲಿನ ನಿವಾಸಿಗಳು ಬೀದಿಗಿಳಿದರು. ದೊಡ್ಡ ಘಟಕ ಒಂದೇ ಬಡಾವಣೆಯ ತಲೆಗೆ ಬೀಳುವ ಬದಲು ಪ್ರತಿ ವಾರ್ಡ್ ತನ್ನ 8 ಟನ್ನನ್ನು ತಾನೇ ನಿಭಾಯಿಸಲಿ ಎಂಬ ಬೇಡಿಕೆಯ ಹಿಂದೆ ಇಂಥ ಅನುಭವವಿದೆ. 5 ಟನ್ ಸಾಮರ್ಥ್ಯದ ಜೈವಿಕ ಅನಿಲ ಘಟಕವಾದರೆ ವಾರ್ಡಿಗೆ ಎರಡು ಸಾಕು. ಜಾಗ ಎಲ್ಲಿ, ನಡೆಸುವ ಖರ್ಚು ಎಷ್ಟು, ವಾರ್ಡಿನಿಂದ ಶುಲ್ಕ ಬಂದದ್ದೆಷ್ಟು ಎಂಬ ಮೂರು ಅಂಕಿ ಒಂದೇ ಹಾಳೆಯಲ್ಲಿ ಇಲ್ಲದೆ ಈ ಚರ್ಚೆಯನ್ನು ಶುರು ಮಾಡುವುದಕ್ಕೂ ಆಗುವುದಿಲ್ಲ.

ಗುಡಿಸುವ ಕೈಗಳ ಲೆಕ್ಕವೂ ಇದೇ ಬಗೆಯದು. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ರಾಜ್ಯದ ಮಾನದಂಡ 700 ಜನರಿಗೆ ಒಬ್ಬ ಪೌರಕಾರ್ಮಿಕ. 2011ರ ಜನಗಣತಿಯಂತೆ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84.43 ಲಕ್ಷ, ಮಾನದಂಡಕ್ಕೆ ಬೇಕಾದವರು 12,062. ಈಗಿನ ಜನಸಂಖ್ಯೆಯನ್ನು 1.4 ಕೋಟಿ ಎಂದು ಹಿಡಿದರೆ ಬೇಕಾದವರು 20,000. ಮೇ 1ರ ಪಟ್ಟಿಯ ಸಂಖ್ಯೆ ಹದಿನಾಲ್ಕು ವರ್ಷ ಹಿಂದಿನ ನಗರಕ್ಕೆ ಸರಿಹೊಂದುತ್ತದೆ. ದಶಕಗಳ ಗುತ್ತಿಗೆ ದುಡಿಮೆಯ ನಂತರ ಬಂದ ಆ ಪತ್ರದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಒಂದು ವಾರ್ಡಿನ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ, ಬೀದಿಯಲ್ಲಿ ಎಷ್ಟು ಜನರಿದ್ದಾರೆ ಎಂದು ನಿವಾಸಿಗಳು ಕೇಳುವುದು ಪೌರಕಾರ್ಮಿಕರ ಮೇಲಿನ ಅನುಮಾನದಿಂದಲ್ಲ. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರುತ್ತಿದ್ದಾರೆಯೇ ಎಂದು ತಿಳಿಯುವುದಕ್ಕೆ.

ಇನ್ನು ನಗರದ ಮಟ್ಟ. 2024–25ರಲ್ಲಿ ಪಾಲಿಕೆ ವಸೂಲಿ ಮಾಡಿದ ಆಸ್ತಿ ತೆರಿಗೆ 4,930 ಕೋಟಿ ರೂ. ಗುರಿ 5,210 ಕೋಟಿ. ಸಾಧನೆ ಶೇ 94.6. ಹಿಂದಿನ ವರ್ಷದ 3,918 ಕೋಟಿಗೆ ಹೋಲಿಸಿದರೆ ಏರಿಕೆ 1,012 ಕೋಟಿ, ಶೇ 25.8. ಈ ಏರಿಕೆಯಲ್ಲಿ ಒಂದು ಭಾಗ ಹಳೆಯ ಬಾಕಿ: 2024ರ ನವೆಂಬರ್ 30ರವರೆಗೆ ಒಂದೇ ಸಲದ ಇತ್ಯರ್ಥ ಯೋಜನೆ ಜಾರಿಯಲ್ಲಿತ್ತು. ಬಾಕಿ ಒಂದು ಸಲ ವಸೂಲಾದರೆ ಮುಗಿಯಿತು, ಮರುವರ್ಷ ಅದೇ ಹಣ ಮತ್ತೆ ಬರುವುದಿಲ್ಲ. ಆದ್ದರಿಂದ ಶೇ 25.8 ಅನ್ನು ಪ್ರತಿವರ್ಷದ ವೇಗವೆಂದು ಓದಬಾರದು.

ದರ ಏರಿಸುವ ವಿಷಯದಲ್ಲಿ ನಾಗರಿಕ ಸಂಘಟನೆಗಳೂ ನೇರವಾಗಿ ಮಾತಾಡಬೇಕಾಗಿದೆ. 2008ರಿಂದ 2016ರವರೆಗೆ ಎಂಟು ವರ್ಷದಲ್ಲಿ ವಸತಿ ದರ ಏರಿದ್ದು ಒಂದೇ ಸಲ, ಶೇ 20; ವರ್ಷಕ್ಕೆ ಸರಾಸರಿ ಶೇ 2.3. ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕೆಂದು ಕಾನೂನು ಹೇಳುತ್ತಿದ್ದರೂ 2016ರ ಬಳಿಕ ದರಪಟ್ಟಿ ನಿಂತಲ್ಲೇ ನಿಂತಿತು. 2024ರ ಏಪ್ರಿಲ್‌ನಿಂದ ಮಾರ್ಗಸೂಚಿ ಬೆಲೆಗೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಆಸ್ತಿ ಬೆಲೆಗೆ, ತೆರಿಗೆಯನ್ನು ಜೋಡಿಸುವ ಪ್ರಸ್ತಾವ ಬಂದು ತಡೆಹಿಡಿಯಲ್ಪಟ್ಟಿತು. ತೆರಿಗೆ ಏರಲೇಬಾರದು, ರಸ್ತೆ ಮಾತ್ರ ಸರಿಯಾಗಬೇಕು ಎಂಬ ವಾದ ನಿಲ್ಲದು. ‘ಲೆಕ್ಕ ಕೊಡಿ, ಆಮೇಲೆ ದರ ಏರಿಸಿ’ ಎಂಬ ವಾದ ನಿಲ್ಲುತ್ತದೆ. ಏಕೆಂದರೆ ಬೆಂಗಳೂರಿನ ತೆರಿಗೆದಾರರು 2000ದಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂದಾಗಿನಿಂದ ತಮ್ಮ ತೆರಿಗೆಯನ್ನು ತಾವೇ ಲೆಕ್ಕ ಹಾಕಿ ಕಟ್ಟುತ್ತಿದ್ದಾರೆ. ಕಟ್ಟುವವರ ಮೇಲೆ ಆಡಳಿತ ಇಟ್ಟ ನಂಬಿಕೆಗೆ 25 ವರ್ಷ ತುಂಬಿದೆ. ಖರ್ಚಿನ ಘೋಷಣೆ ಆಡಳಿತದ ಕಡೆಯಿಂದ ಇನ್ನೂ ಬಾಕಿ ಇದೆ.

ಆ ಬಾಕಿಯ ಗಾತ್ರ ತಿಳಿಯಲು ಐದು ಬಜೆಟ್ ನೋಡಬೇಕು. 2021–22ರಲ್ಲಿ 9,287 ಕೋಟಿ, 2022–23ರಲ್ಲಿ 10,481 ಕೋಟಿ, 2023–24ರಲ್ಲಿ 11,158 ಕೋಟಿ, 2024–25ರಲ್ಲಿ 12,369 ಕೋಟಿ, 2025–26ರಲ್ಲಿ 19,927 ಕೋಟಿ. ಮಂಡನೆಯಾದ ಗಾತ್ರದ ಲೆಕ್ಕದಲ್ಲಿ ಒಟ್ಟು 63,222 ಕೋಟಿ ರೂ. ಇದರಲ್ಲಿ ಒಂದು ರೂಪಾಯಿಗೂ ಚುನಾಯಿತ ಕಾರ್ಪೊರೇಟರ್ ಕೈ ಎತ್ತಿಲ್ಲ. 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರ ಡಿಸೆಂಬರ್ 4ರಂದು ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತು. ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ, ಅಲ್ಲಿಂದ 225ಕ್ಕೆ ಹೋಯಿತು; ಈಗ 369. 2025ರ ಸೆಪ್ಟೆಂಬರ್ 10ಕ್ಕೆ ಒಂದು ಕೌನ್ಸಿಲ್‌ನ ಪೂರ್ಣಾವಧಿ, ಐದು ವರ್ಷ, ಕೌನ್ಸಿಲ್ ಇಲ್ಲದೆಯೇ ಕಳೆಯಿತು. 2022–23ರ ಬಜೆಟ್ಟಂತೂ ಮಾರ್ಚ್ 31ರ ರಾತ್ರಿ, ಆರ್ಥಿಕ ವರ್ಷ ಮುಗಿಯುವ ಹೊತ್ತಿನಲ್ಲಿ, ಸಭೆಯಿಲ್ಲದೆ ಚರ್ಚೆಯಿಲ್ಲದೆ ಪ್ರಕಟವಾಯಿತು. 10,481 ಕೋಟಿಯ ಬಜೆಟ್ಟನ್ನು ಹೀಗೆ ಹೊರಗೆ ತರುವುದು ಯಾವ ಅಳತೆಯಿಂದಲೂ ಸರಿಯಲ್ಲ.

2025–26ರ ಏರಿಕೆಯನ್ನು ಬೇರೆಯಾಗಿ ನೋಡಬೇಕು. 12,369 ಕೋಟಿಯಿಂದ 19,927 ಕೋಟಿಗೆ ಒಂದೇ ವರ್ಷದಲ್ಲಿ ಶೇ 61. ಅದರ ಹಿಂದಿನ ಮೂರು ವರ್ಷಗಳ ಏರಿಕೆ ಕ್ರಮವಾಗಿ ಶೇ 12.9, ಶೇ 6.5, ಶೇ 10.9. 2011ರ ಜನಸಂಖ್ಯೆಯಿಂದ ಭಾಗಿಸಿದರೆ ತಲಾ 14,650 ರೂ. ಇದ್ದದ್ದು 23,602 ರೂ. ಆಗುತ್ತದೆ. ಬಜೆಟ್ ಎಂದರೆ ಅಂದಾಜು. ವರ್ಷದ ಕೊನೆಗೆ ಖರ್ಚಾದ ಮೊತ್ತ ಬೇರೆ. ಅಂದಾಜು ಶೇ 61 ಏರಿದ ವರ್ಷದಲ್ಲೇ ಖರ್ಚಾದ ಮೊತ್ತವನ್ನು ವಾರ್ಡುವಾರು ಕೇಳುವುದು ಹೆಚ್ಚು ಅಗತ್ಯವಾಗುತ್ತದೆ.

ಮುಂಬೈ ಪಾಲಿಕೆಯ 2025–26ರ ಬಜೆಟ್ 74,427 ಕೋಟಿ ರೂ. 2011ರ 1.24 ಕೋಟಿ ಜನಸಂಖ್ಯೆಗೆ ತಲಾ ಸುಮಾರು 59,800 ರೂ., ಬೆಂಗಳೂರಿನ ಎರಡೂವರೆ ಪಟ್ಟು. ಈ ಹೋಲಿಕೆ ದಕ್ಷಿಣ ಬೆಂಗಳೂರಿನ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಮುಂಬೈ ಪಾಲಿಕೆಯೇ ನೀರು ಕೊಡುತ್ತದೆ, ದೊಡ್ಡ ಆಸ್ಪತ್ರೆಗಳನ್ನು ನಡೆಸುತ್ತದೆ. ಇಲ್ಲಿ ನೀರು 1964ರಿಂದ ಜಲಮಂಡಳಿಯ ಕೆಲಸ, ಬಡಾವಣೆ 1976ರಿಂದ ಬಿಡಿಎ ಕೆಲಸ, ಬಸ್ಸು 1997ರಿಂದ ಬಿಎಂಟಿಸಿ ಕೆಲಸ, ವಿದ್ಯುತ್ತು 2002ರಿಂದ ಬೆಸ್ಕಾಂ ಕೆಲಸ. ಸಂವಿಧಾನದ 74ನೇ ತಿದ್ದುಪಡಿ ಪಟ್ಟಿ ಮಾಡಿದ 18 ಕೆಲಸಗಳಲ್ಲಿ ಅಗ್ನಿಶಾಮಕ ಸೇವೆಯೊಂದನ್ನು ಬಿಟ್ಟು 17 ಅನ್ನು ಕರ್ನಾಟಕ ಕಾಗದದ ಮೇಲೆ ನಗರ ಸಂಸ್ಥೆಗಳಿಗೆ ವಹಿಸಿದೆ. ಒಂದು ರಸ್ತೆ ಅಗೆದಾಗ ಮನೆಯವರು ಎಷ್ಟು ಕಚೇರಿಗೆ ಫೋನ್ ಮಾಡಬೇಕು ಎಂಬುದರಲ್ಲಿ ಆ 17ರ ನಿಜ ಸ್ಥಿತಿ ಗೊತ್ತಾಗುತ್ತದೆ.

ನೀರಿನ ದರವನ್ನೇ ತೆಗೆದುಕೊಳ್ಳಿ. ತಿಂಗಳಿಗೆ 20,000 ಲೀಟರ್ ಬಳಸುವ ಮನೆಗೆ 2014ರ ನವೆಂಬರ್ ದರದಲ್ಲಿ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂ., ಉಳಿದದ್ದಕ್ಕೆ 11 ರೂ.; ಒಟ್ಟು 188 ರೂ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ ಕ್ರಮವಾಗಿ 0.15 ಪೈಸೆ, 0.40 ಪೈಸೆ ಏರಿದ ಮೇಲೆ 248 ರೂ. ಏರಿಕೆ 60 ರೂ., ಶೇ 32. ಒಳಚರಂಡಿ ಶುಲ್ಕ ಇದರಲ್ಲಿ ಸೇರಿಲ್ಲ. ಹತ್ತು ವರ್ಷಕ್ಕೂ ಮೀರಿ ಏರದಿದ್ದ ದರಕ್ಕೆ ಇದು ವಿಪರೀತವಲ್ಲ. ಈಗ 2024ರ ಬೇಸಿಗೆಯ ಟ್ಯಾಂಕರ್ ದರ ನೋಡಿ: ಬೆಂಗಳೂರು ನಗರ ಜಿಲ್ಲಾಡಳಿತ ನಿಗದಿ ಮಾಡಿದ್ದು 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂ., ಅಂದರೆ ಸಾವಿರ ಲೀಟರಿಗೆ 83 ರೂ. ನಲ್ಲಿ ನೀರು ಏರಿದ ದರದಲ್ಲೂ ಸಾವಿರ ಲೀಟರಿಗೆ ಸರಾಸರಿ 12 ರೂ. 40 ಪೈಸೆ. ಹೊಸ ದರಕ್ಕೆ ಹೋಲಿಸಿದರೂ ಟ್ಯಾಂಕರ್ 6.7 ಪಟ್ಟು ದುಬಾರಿ. ಕಾವೇರಿ ಸಂಪರ್ಕ ಇರುವ ಜಯನಗರದ ಮನೆಗೂ ಟ್ಯಾಂಕರ್ ನಂಬಿದ ಜೆ.ಪಿ. ನಗರದ ದಕ್ಷಿಣದಂಚಿನ ಮನೆಗೂ ಇರುವ ಅಂತರ ಇದು. ಏರಿಕೆಯ ಶೇ 32 ಇದರ ಮುಂದೆ ಚಿಕ್ಕದು. 2024ರ ಅಕ್ಟೋಬರ್ 16ರಂದು ಚಾಲನೆ ಸಿಕ್ಕ ಕಾವೇರಿ 5ನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ವೆಚ್ಚ 4,336 ಕೋಟಿ ರೂ. ಮೊದಲಿನ ನಾಲ್ಕು ಹಂತ ಸೇರಿ ಬರುತ್ತಿದ್ದುದು ಸುಮಾರು 145 ಕೋಟಿ ಲೀಟರ್. ಒಂದೇ ಹಂತದಲ್ಲಿ ಶೇ 53 ಹೆಚ್ಚಳ. ಆ ನೀರು ಯಾವ ವಾರ್ಡಿಗೆ ಎಷ್ಟು ಗಂಟೆ ಎಂಬುದನ್ನೂ ಮೇಲೆ ಹೇಳಿದ ಹಾಳೆಯಲ್ಲೇ ಬರೆಯಬಹುದು.

ವಾರ್ಡಿನ ಕೈಗೆ ಇದುವರೆಗೆ ಬಂದದ್ದೆಷ್ಟು? 2020–21ರ ಸುಮಾರಿಗೆ ಪ್ರತಿ ವಾರ್ಡ್ ಸಮಿತಿಯ ತೀರ್ಮಾನಕ್ಕೆಂದು 60 ಲಕ್ಷ ರೂ. ಮೀಸಲಾಯಿತು: ರಸ್ತೆಗುಂಡಿಗೆ 20 ಲಕ್ಷ, ಪಾದಚಾರಿ ಮಾರ್ಗಕ್ಕೆ 20 ಲಕ್ಷ, ಕೊಳವೆಬಾವಿಗೆ 20 ಲಕ್ಷ. 198 ವಾರ್ಡಿಗೆ 118.8 ಕೋಟಿ. ಆಗಿನ ಬಜೆಟ್‌ಗಳಿಗೆ ಹೋಲಿಸಿದರೆ ಶೇ 1.1ರಿಂದ 1.3. ಉಳಿದ ಶೇ 98ಕ್ಕೂ ಹೆಚ್ಚು ಹಣದ ತೀರ್ಮಾನ ವಾರ್ಡಿನ ಹೊರಗೆ ಆಯಿತು. ಆ ಶೇ 1 ಕೂಡ ಸುಮ್ಮನೆ ಬಂದದ್ದಲ್ಲ. 1990ರಲ್ಲಿ ಶುರುವಾದ ಸಿವಿಕ್ ಸಂಸ್ಥೆ ವಾರ್ಡ್ ಸಮಿತಿಗಳಿಗಾಗಿ ವರ್ಷಗಟ್ಟಲೆ ಹೋರಾಡಿತು. ಜನಾಗ್ರಹ ಸಂಸ್ಥೆ 2015ರಿಂದ ‘ನನ್ನ ನಗರ ನನ್ನ ಬಜೆಟ್’ ಹೆಸರಿನಲ್ಲಿ ನಿವಾಸಿಗಳ ಬೇಡಿಕೆ ಸಂಗ್ರಹಿಸಿತು. 2016ರ ವಾರ್ಡ್ ಸಮಿತಿ ನಿಯಮದ ಬಳಿಕ ಹೈಕೋರ್ಟ್ ಕಣ್ಗಾವಲಿನಲ್ಲಿ ಸಮಿತಿಗಳು ರಚನೆಯಾದವು. ಸಮಿತಿಗೆ ಹತ್ತು ಸದಸ್ಯರು: ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಒಟ್ಟು 1,980 ಜನ. ಕೌನ್ಸಿಲ್ ಹೋದ ಮೇಲೆ ನೋಡಲ್ ಅಧಿಕಾರಿಗಳು ಸಭೆ ನಡೆಸಬೇಕಾಯಿತು. ತಿಂಗಳ ಮೊದಲ ಶನಿವಾರದ ಸಭೆಗೆ ಹೋಗಿ ಕೂತವರಿಗೆ ಗೊತ್ತು: ಚರಂಡಿ, ಬೀದಿದೀಪ, ಬೀದಿನಾಯಿಯ ದೂರಿಗೆ ಉತ್ತರ ಸಿಗಬಹುದು. ‘ನಮ್ಮ ವಾರ್ಡಿನಲ್ಲಿ ಈ ವರ್ಷ ಪಾವತಿಯಾದ ಬಿಲ್ ಎಷ್ಟು’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ನಾಗರಿಕ ಸಂಘಟನೆಗಳ ಎರಡನೆಯ ದೊಡ್ಡ ಬೇಡಿಕೆ ಸೂತ್ರ. ಯಾರಿಗೆ ಎಷ್ಟು ಎಂಬುದು ಮೊದಲೇ ಬರೆದಿಟ್ಟ ನಿಯಮದಿಂದ ತೀರ್ಮಾನವಾಗಬೇಕು, ಕಡತದ ಮೇಲಿನ ಷರಾದಿಂದಲ್ಲ. 2024ರ ಡಿಸೆಂಬರ್‌ನಲ್ಲಿ ನಗರದ ವಿಧಾನಸಭಾ ಕ್ಷೇತ್ರಗಳಿಗೆ ತಲಾ 10 ಕೋಟಿ ರೂ. ಅನುದಾನ ಹಂಚುವಾಗ ಜಯನಗರವನ್ನು ಕೈಬಿಡಲಾಯಿತು. ಅಲ್ಲಿನ ಶಾಸಕರು ವಿರೋಧ ಪಕ್ಷದವರು. 2023ರ ಚುನಾವಣೆಯಲ್ಲಿ ಅವರಿಗೆ ಸಿಕ್ಕ ಮತ 57,797. ಸೋತ ಆಡಳಿತ ಪಕ್ಷದ ಅಭ್ಯರ್ಥಿಗೆ 57,781. ಅಂತರ 16. ಅನುದಾನ ತಪ್ಪಿದ ರಸ್ತೆಗಳಲ್ಲಿ ಈ 57,781 ಜನರೂ ನಡೆಯುತ್ತಾರೆ. ಕೊಡುವ ಕೈ ಬೇರೆ ಪಕ್ಷದ್ದಾಗಿ, ಬೇರೆ ಕ್ಷೇತ್ರ ಹೊರಗುಳಿದಿದ್ದರೂ ಈ ಮಾತು ಹೀಗೆಯೇ ಇರುತ್ತದೆ.

ಎಲ್ಲರಿಗೂ ಸಮನಾಗಿ 10 ಕೋಟಿ ಕೊಟ್ಟರೆ ನ್ಯಾಯವಾಗುತ್ತದೆಯೇ? ಅದೂ ಇಲ್ಲ. ಜಯನಗರದ ಮತದಾರರು ಸುಮಾರು 2 ಲಕ್ಷ. 10 ಕೋಟಿ ಎಂದರೆ ತಲಾ 500 ರೂ. ಅಂಚಿನ ಬೆಂಗಳೂರು ದಕ್ಷಿಣ ಕ್ಷೇತ್ರದ ಮತದಾರರು 7 ಲಕ್ಷ ಮೀರಿದ್ದಾರೆ. ಅದೇ 10 ಕೋಟಿ ಅಲ್ಲಿ ತಲಾ 143 ರೂ. ಚರಂಡಿ, ಕಾವೇರಿ ಪೈಪು, ಪಾದಚಾರಿ ಮಾರ್ಗ ಮೂರೂ ಕಡಿಮೆಯಿರುವ ಕಡೆಗೆ ಕಡಿಮೆ ಹಣ ಹೋಗುತ್ತದೆ. 1948ರಲ್ಲಿ ಶಂಕುಸ್ಥಾಪನೆಯಾಗಿ ಅಗಲ ರಸ್ತೆ, ಉದ್ಯಾನ, ಮಾರುಕಟ್ಟೆ ಸಮೇತ ಯೋಜಿಸಿ ಕಟ್ಟಿದ ಬಡಾವಣೆ ಜಯನಗರ. 2007ರಲ್ಲಿ ಪಾಲಿಕೆಗೆ ಸೇರಿದ ಹಳ್ಳಿಗಳ ಅಗತ್ಯ ಬೇರೆಯೇ. ಸೂತ್ರದಲ್ಲಿ ಜನಸಂಖ್ಯೆಯ ಜೊತೆಗೆ ಕೊರತೆಗೂ ಅಂಕ ಇರಬೇಕು ಎಂದು ಜಯನಗರದ ಸಂಘಗಳೂ ಒಪ್ಪಬೇಕಾಗುತ್ತದೆ. ಸೂತ್ರ ಬಂದರೆ ಹಳೆಯ ಬಡಾವಣೆಗಳ ಪಾಲು ಕಡಿಮೆಯಾಗಬಹುದು. ಇದನ್ನು ಮುಚ್ಚಿಟ್ಟು ಸೂತ್ರ ಕೇಳುವುದು ಪ್ರಾಮಾಣಿಕವಲ್ಲ.

ಒಂದು ಉದಾಹರಣೆ ಲೆಕ್ಕ. ಆಸ್ತಿ ತೆರಿಗೆಯ ಹತ್ತನೇ ಒಂದು ಭಾಗವನ್ನು ನೇರವಾಗಿ ವಾರ್ಡುಗಳಿಗೆ ಬಿಟ್ಟರೆ, 2024–25ರ ವಸೂಲಿಯ ಪ್ರಕಾರ, 493 ಕೋಟಿ. 369 ವಾರ್ಡಿಗೆ ಸರಾಸರಿ 1.34 ಕೋಟಿ, ಅಂದರೆ ಮೊದಲಿನ 60 ಲಕ್ಷದ ಎರಡೂಕಾಲು ಪಟ್ಟು. ಈಗಿನ ಐದು ಪಾಲಿಕೆಗಳ ಪೈಕಿ ದಕ್ಷಿಣ ಪಾಲಿಕೆಯ 72 ವಾರ್ಡಿಗೆ ಸುಮಾರು 96 ಕೋಟಿ. ಉಳಿದ ಶೇ 90 ಪಾಲಿಕೆಗಳಲ್ಲೇ ಇರುತ್ತದೆ. ರಾಜಕಾಲುವೆ, ಮುಖ್ಯರಸ್ತೆ, ಸಂಬಳಗಳಿಗೆ ಧಕ್ಕೆಯಿಲ್ಲ.

ದೊಡ್ಡ ಕಾಮಗಾರಿಗಳ ಪಕ್ಕ ಇಟ್ಟಾಗ ಈ ಮೊತ್ತ ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಸೇತುವೆಗೆ 1,791 ಕೋಟಿ ರೂ. ಅಂದಾಜಾಗಿತ್ತು, ಕಿ.ಮೀ.ಗೆ 267 ಕೋಟಿ. ಅಕ್ಟೋಬರ್ 16ರಂದು ನಾಗರಿಕರು ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಪ್ರಸ್ತಾವಿತ ಸುರಂಗ ರಸ್ತೆ 16.75 ಕಿ.ಮೀ., ಅಂದಾಜು 17,698 ಕೋಟಿ, ಕಿ.ಮೀ.ಗೆ 1,057 ಕೋಟಿ. ಅದೇ ಸಿಲ್ಕ್ ಬೋರ್ಡ್ ಮೂಲಕ, ಜಯದೇವ ಮತ್ತು ಬಿಟಿಎಂ ಲೇಔಟ್ ದಾಟಿ ಹೋಗುವ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು: 19.15 ಕಿ.ಮೀ., 16 ನಿಲ್ದಾಣ, ಸುಮಾರು 7,160 ಕೋಟಿ, ಕಿ.ಮೀ.ಗೆ 374 ಕೋಟಿ. ಜೆ.ಪಿ. ನಗರ 4ನೇ ಹಂತದಿಂದ ಹೊರಡುವ ಮಾರ್ಗವೂ ಸೇರಿದ ಮೆಟ್ರೊ 3ನೇ ಹಂತ 44.65 ಕಿ.ಮೀ.ಗೆ 15,611 ಕೋಟಿ, ಕಿ.ಮೀ.ಗೆ 350 ಕೋಟಿ. ಮುಖ್ಯವಾಗಿ ಕಾರಿಗೆ ಉಪಯೋಗವಾಗುವ ಸುರಂಗದ ಒಂದು ಕಿ.ಮೀ. ಖರ್ಚಿನಲ್ಲಿ ಎಲ್ಲರೂ ಹತ್ತುವ ಮೆಟ್ರೊ ಸುಮಾರು ಮೂರು ಕಿ.ಮೀ. ಸಿಗುತ್ತದೆ.

ಸುರಂಗದ 17,698 ಕೋಟಿಯನ್ನು 369 ವಾರ್ಡಿಗೆ ಹಂಚಿದರೆ ವಾರ್ಡಿಗೆ 48 ಕೋಟಿ. ವರ್ಷಕ್ಕೆ 60 ಲಕ್ಷದಂತೆ ಅದು 80 ವರ್ಷದ ವಾರ್ಡ್ ನಿಧಿ. ಸುರಂಗಕ್ಕೆ ಖಾಸಗಿ ಬಂಡವಾಳವೂ ಸಾಲವೂ ಬರುತ್ತವೆ, ಆ ಹಣವನ್ನು ಹಾಗೆಯೇ ಪಾದಚಾರಿ ಮಾರ್ಗಕ್ಕೆ ತಿರುಗಿಸಲಾಗದು, ನಿಜ. ಆದರೆ ಆದ್ಯತೆ ಎಲ್ಲಿದೆ ಎಂಬುದಕ್ಕೆ 48 ಕೋಟಿ ಮತ್ತು 60 ಲಕ್ಷ ಎರಡೂ ಅಂಕಿ ಒಟ್ಟಿಗೆ ನೋಡಬೇಕಾದವು. ದಕ್ಷಿಣದಲ್ಲೇ ಇರುವ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್ ಮೇಲ್ಸೇತುವೆ, ರಸ್ತೆ ಕೆಳಗೆ ಮೆಟ್ರೊ ಮೇಲೆ, 449 ಕೋಟಿಯಲ್ಲಿ ಆಯಿತು. ಒಂದೇ ಕಂಬದ ಸಾಲಿನ ಮೇಲೆ ಎರಡು ಕೆಲಸ.

ಕೆರೆ ನಿರ್ವಹಣೆಯಂಥ ಸೇವೆಗೆ ನಾಗರಿಕರೇ ಕೈ ಹಾಕಿದ್ದೂ ಉಂಟು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ 13 ಎಕರೆ 25 ಗುಂಟೆ. ಅದರ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು, 2011ರಲ್ಲಿ ಪಾಲಿಕೆಯೊಂದಿಗೆ ನಿರ್ವಹಣೆಯ ಒಡಂಬಡಿಕೆ ಮಾಡಿಕೊಂಡರು. ನಿವಾಸಿಗಳ ಗುಂಪೊಂದು ಕೆರೆಯ ಹೊಣೆ ಹೊತ್ತದ್ದು ನಗರದಲ್ಲಿ ಅದೇ ಮೊದಲು. ಕೆರೆ ಸರ್ಕಾರದ್ದು, ದುಡಿಮೆ ನಿವಾಸಿಗಳದ್ದು, ನಿರ್ವಹಣೆಗೆ ಬೇಕಾದ ಹಣದ ಬಹುಪಾಲು ದಾನದ್ದು. ಇದನ್ನು ಮಾದರಿ ಎಂದು ಹೊಗಳಿ ಮುಗಿಸುವುದು ಸುಲಭ. ಆಸ್ತಿ ತೆರಿಗೆ ಕಟ್ಟಿದವರು ಕೆರೆಗೆ ಮತ್ತೆ ಚಂದಾ ಎತ್ತಬೇಕಾಗಿ ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾಗರಿಕರ ಕಡೆಯ ಕೊರತೆಗೂ ಅಂಕಿ ಇದೆ. 2010ರ ಪಾಲಿಕೆ ಚುನಾವಣೆಯಲ್ಲಿ ಮತ ಹಾಕಿದವರು ಶೇ 44ರಷ್ಟು, 2015ರಲ್ಲಿ ಶೇ 49ರಷ್ಟು. ಎರಡು ಸಲವೂ ಅರ್ಧಕ್ಕಿಂತ ಹೆಚ್ಚು ಮತದಾರರು ಮನೆಯಲ್ಲೇ ಉಳಿದರು. ಕಾರ್ಪೊರೇಟರ್ ಬೇಕು ಎಂಬ ಬೇಡಿಕೆಗೆ ತೂಕ ಬರಬೇಕಾದರೆ ಮುಂದಿನ ಚುನಾವಣೆಯಲ್ಲಿ ಈ ಶೇ 49 ಬದಲಾಗಬೇಕು.

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಜಯನಗರ, ಬಿಟಿಎಂ ಲೇಔಟ್ ಸೇರಿದ ದಕ್ಷಿಣ ಪಾಲಿಕೆಯ ವಿಸ್ತೀರ್ಣ 147 ಚದರ ಕಿ.ಮೀ., ವಾರ್ಡ್ 72. 198 ವಾರ್ಡಿದ್ದಾಗ, 2011ರ ಜನಗಣತಿಯಂತೆ, ವಾರ್ಡಿಗೆ ಸರಾಸರಿ 42,644 ಜನ. 369ಕ್ಕೆ ಹಂಚಿದರೆ 22,882. ಅದೇ ಗಣತಿಯಂತೆ ಮುಂಬೈಯಲ್ಲಿ 227 ವಾರ್ಡಿಗೆ ತಲಾ 54,800, ಕೋಲ್ಕತ್ತದಲ್ಲಿ 144 ವಾರ್ಡಿಗೆ ತಲಾ 31,200. ಕಾಗದದ ಮೇಲೆ ಬೆಂಗಳೂರಿನ ಕಾರ್ಪೊರೇಟರ್ ಈ ಮೂರು ನಗರಗಳ ಪೈಕಿ ಜನರಿಗೆ ಅತಿ ಹತ್ತಿರದವರು. ವಾರ್ಡ್ ಚಿಕ್ಕದಾದಷ್ಟೂ ಅದರ ಲೆಕ್ಕ ಬರೆಯುವುದು ಸುಲಭ.

ಈ ಬೇಡಿಕೆ ಹೊಸದೂ ಅಲ್ಲ. ಪಬ್ಲಿಕ್ ಅಫೇರ್ಸ್ ಸೆಂಟರ್, ಜನಾಗ್ರಹ, ವಾಯ್ಸಸ್, ಅಕ್ಷರ ಸಂಸ್ಥೆಗಳು 2002ರಲ್ಲಿ ‘ಪ್ರೂಫ್’ ಎಂಬ ಅಭಿಯಾನ ನಡೆಸಿ, ಅಂದಿನ 100 ವಾರ್ಡಿನ ಮಹಾನಗರ ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಆದಾಯ, ಖರ್ಚಿನ ಪಟ್ಟಿಯನ್ನು ಜನರ ಮುಂದಿಡಬೇಕೆಂದು ಕೇಳಿದವು, ಕೆಲಕಾಲ ಇಡಿಸಿಯೂ ಇಡಿಸಿದವು. ಈಗ ಕೇಳುತ್ತಿರುವುದು ಅದರ ವಾರ್ಡ್ ಆವೃತ್ತಿ. ಒಂದು ಹಾಳೆ: ವಾರ್ಡಿನಿಂದ ಬಂದ ಆಸ್ತಿ ತೆರಿಗೆ, ಕಸದ ಶುಲ್ಕ, ವಾರ್ಡಿಗೆ ಮಂಜೂರಾದದ್ದು, ಪಾವತಿಯಾದ ಬಿಲ್‌ಗಳು, ಗುತ್ತಿಗೆದಾರರ ಹೆಸರು, ಪೌರಕಾರ್ಮಿಕರ ಸಂಖ್ಯೆ, ಎತ್ತಿದ ಕಸ ಟನ್‌ಗಳಲ್ಲಿ, ನೀರು ಬಂದ ಗಂಟೆಗಳು. ತ್ರೈಮಾಸಿಕಕ್ಕೆ ಒಂದು ಹಾಳೆ, ವಾರ್ಡ್ ಕಚೇರಿಯ ಗೋಡೆಯ ಮೇಲೆ. ದಕ್ಷಿಣ ಪಾಲಿಕೆಯ 72 ವಾರ್ಡಿಗೆ ವರ್ಷಕ್ಕೆ 288 ಹಾಳೆ.